ಪಾಟಿಚೀಲದಲ್ಲೊಂದು ಚಿತ್ರಪುಸ್ತಕ: ಶಾಲೆಯ ನಡವಳಿಕೆ, ಗೆಳೆತನ ಕಲಿಸಲು ಸಮಗ್ರ ಮಾರ್ಗದರ್ಶಿ

"ಟೀಚರ್ರೀ, ಇಕಿ ಬಾಜೂಕ ನಾ ಕುಂದ್ರಂಗಿಲ್ರೀ. ಇಕಿ ತತ್ತಿ ತಿಂತಾಳ್ರೀ."

ಊಟದ ಸಾಲಿನಲ್ಲಿ ಒಂದನೇ ತರಗತಿಯ ಹುಡುಗ ತಟ್ಟೆ ಹಿಡಿದು ಎದ್ದು ನಿಂತಿದ್ದ. ಪಕ್ಕದ ಹುಡುಗಿ ಮೊಟ್ಟೆಯ ಸಿಪ್ಪೆಯನ್ನು ಅರ್ಧ ಸುಲಿದಿದ್ದಳು. ಉಳಿದರ್ಧ ಸುಲಿಯದೆ ಮೊಟ್ಟೆಯನ್ನು ಹಾಗೇ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಬಿಸಿಯೂಟದ ಜೊತೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡುವುದು 2021ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದದ್ದು ನಮ್ಮ ಕೊಪ್ಪಳದ ಕಡೆಯ ಜಿಲ್ಲೆಗಳಲ್ಲೇ. ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತಲೇ ಅದು ಬಂತು, ಬರಲೇಬೇಕಿತ್ತು. ಆದರೆ ಯಾರ ತಟ್ಟೆಯಲ್ಲಿ ಏನಿದೆ ಅನ್ನುವುದು ಸಾಲಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನೆಯಲ್ಲಿ ದೊಡ್ಡವರು ಆಡಿದ ಮಾತು ಮಕ್ಕಳ ಬಾಯಿಂದ ಇಲ್ಲಿ ಹೊರಗೆ ಬರುತ್ತದೆ.

ಆ ಹುಡುಗನನ್ನು ನಾನು ಗದರಿಸಿ ಕೂರಿಸಬಹುದಿತ್ತು. ಅವನು ಕೂರುತ್ತಲೂ ಇದ್ದ. ಆದರೆ ಅವಳ ಮುಷ್ಟಿ ಬಿಚ್ಚುತ್ತಿರಲಿಲ್ಲ.

ಇಂಥ ಕಡೆ ನನಗೆ ಕೈ ಹಿಡಿದದ್ದು ಚಿತ್ರಪುಸ್ತಕ. ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ಮಕ್ಕಳ ಜೊತೆ, ಅಂದರೆ ಒಂದರಿಂದ ಮೂರನೇ ತರಗತಿಯವರ ಜೊತೆ ಇದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಮನೆಯಲ್ಲಿ ಮಗು ಇರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಹಂತ 1: ಒಂದು ವಾರ ಸುಮ್ನೆ ನೋಡಿ

ಪುಸ್ತಕ ಹುಡುಕುವ ಮೊದಲು ಮಕ್ಕಳನ್ನು ನೋಡಿ. "ಒಳ್ಳೆಯ ನಡತೆ" ಅಂತ ಒಂದೇ ಗಂಟು ಕಟ್ಟಿಕೊಂಡು ಹೊರಟರೆ ಯಾವ ಪುಸ್ತಕವೂ ಸರಿಹೋಗುವುದಿಲ್ಲ. ಎಲ್ಲಿ, ಯಾವ ಹೊತ್ತಿಗೆ, ಯಾವ ಮಾತಿಗೆ ಜಗಳ ಹತ್ತುತ್ತದೆ ಅನ್ನುವುದನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನನ್ನ ಪಟ್ಟಿಯಲ್ಲಿ ಇದ್ದವು ಇವು: ಬೆಳಿಗ್ಗೆ ಗೇಟಿನ ಹತ್ತಿರ ಅವ್ವನ ಸೆರಗು ಬಿಡದಿರುವುದು. ಹಾಲಿನ ಸಾಲಿನಲ್ಲಿ ನುಗ್ಗುವುದು. ಶೌಚಕ್ಕೆ ಹೋಗಬೇಕು ಅಂತ ಕೇಳಲು ಹೆದರಿ ಚಡ್ಡಿಯಲ್ಲೇ ಮಾಡಿಕೊಳ್ಳುವುದು. ಪೆನ್ಸಿಲ್ ಕಸಿಯುವುದು. "ಟೂ" ಬಿಡುವುದು, ಅದಕ್ಕೆ ಇಡೀ ಗುಂಪನ್ನು ಎಳೆಯುವುದು. ಬೆಂಗಳೂರಿಗೆ ದುಡಿಯಲು ಹೋದ ಅಪ್ಪ ಅವ್ವನ ಜೊತೆ ಹೋಗಿ, ನಾಲ್ಕು ತಿಂಗಳ ಮೇಲೆ ವಾಪಸ್ ಬಂದ ಮಗುವಿಗೆ ಕೂರಲು ಜಾಗ ಸಿಗದಿರುವುದು. ಈ ಕೊನೆಯದು ನಮ್ಮ ಭಾಗದಲ್ಲಿ ಎಷ್ಟು ಸಾಮಾನ್ಯ ಅಂದರೆ, ಅದಕ್ಕೊಂದು ಪುಸ್ತಕ ಪ್ರತಿ ಶಾಲೆಯಲ್ಲೂ ಇರಬೇಕು ಅನ್ನಿಸುತ್ತದೆ.

ಪಟ್ಟಿಯಿಂದ ಒಂದನ್ನು ಮಾತ್ರ ಆರಿಸಿಕೊಳ್ಳಿ. ಒಂದು ಪುಸ್ತಕಕ್ಕೆ ಒಂದೇ ವಿಷಯ.

ಹಂತ 2: ಪುಸ್ತಕ ಆರಿಸುವುದು

ಮೊದಲ ಪರೀಕ್ಷೆ ಸುಲಭ. ಪುಟದ ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, ಚಿತ್ರಗಳನ್ನಷ್ಟೇ ನೋಡುತ್ತ ಕೊನೆಯವರೆಗೆ ತಿರುವಿ. ಕಥೆ ಅರ್ಧದಷ್ಟಾದರೂ ತಿಳಿಯಿತಾ? ತಿಳಿದರೆ ಅದು ಚಿತ್ರಪುಸ್ತಕ. ತಿಳಿಯದಿದ್ದರೆ ಅದು ಚಿತ್ರ ಅಂಟಿಸಿದ ಪಾಠ. ಓದಲು ಬಾರದ ಮಗುವಿಗೆ ಚಿತ್ರವೇ ಅಕ್ಷರ ಅಲ್ವಾ?

ಎರಡನೆಯದಾಗಿ, ಕೊನೆಯ ಪುಟ ನೋಡಿ. "ನೀತಿ" ಅಂತ ಒಂದು ಸಾಲು ಇದ್ದರೆ ಅದರ ಮೇಲೆ ಬಿಳಿ ಕಾಗದ ಅಂಟಿಸಿ. ನಾನು ಹಾಗೇ ಮಾಡುತ್ತೇನೆ.

ಮೂರನೆಯದಾಗಿ, ತೊಂದರೆಯನ್ನು ಬಗೆಹರಿಸುವವರು ಯಾರು ಅಂತ ನೋಡಿ. ಕೊನೆಗೆ ಟೀಚರ್ ಬಂದೋ ಅಜ್ಜಿ ಬಂದೋ ಎಲ್ಲ ಸರಿಮಾಡಿದರೆ, ಮಗು ಕಲಿಯುವುದು ದೂರು ಹೇಳುವುದನ್ನು ಮಾತ್ರ. ಕಥೆಯ ಮಗುವೇ ತಡವರಿಸಿ, ತಪ್ಪಿ, ಮತ್ತೆ ಪ್ರಯತ್ನಿಸಿ ದಾರಿ ಕಂಡುಕೊಳ್ಳುವ ಪುಸ್ತಕ ಬೇಕು.

ನಾಲ್ಕನೆಯದು ನನಗೆ ತುಂಬ ಮುಖ್ಯ. ತಂಟೆ ಮಾಡುವ ಮಗುವನ್ನು ಹೇಗೆ ಬರೆದಿದ್ದಾರೆ? ಕೆಲವು ಪುಸ್ತಕಗಳಲ್ಲಿ ಕೆಟ್ಟವನು ಯಾವಾಗಲೂ ಕಪ್ಪಗೆ, ದಪ್ಪಗೆ, ಕೆದರಿದ ತಲೆಯಲ್ಲಿ ಇರುತ್ತಾನೆ. ಒಳ್ಳೆಯವಳು ಬೆಳ್ಳಗೆ, ಎರಡು ಜಡೆಯಲ್ಲಿ ಇರುತ್ತಾಳೆ. ಬಿಸಿಲಲ್ಲಿ ಬೆಳೆದ ನಮ್ಮ ಮಕ್ಕಳು ಆ ಚಿತ್ರದಲ್ಲಿ ತಮ್ಮನ್ನು ಎಲ್ಲಿ ಹುಡುಕಿಕೊಳ್ಳಬೇಕು? ಅಂಥ ಪುಸ್ತಕ ಎಷ್ಟೇ ಅಂದವಾಗಿದ್ದರೂ ಪಕ್ಕಕ್ಕಿಡಿ. ಮಕ್ಕಳ ಸಾಹಿತ್ಯದ ವಿದ್ವಾಂಸೆ, ಅಮೆರಿಕದ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದಿದ್ದರು: ಮಕ್ಕಳ ಪುಸ್ತಕ ತಮ್ಮನ್ನೇ ಕಾಣುವ ಕನ್ನಡಿಯೂ ಆಗಿರಬೇಕು, ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಿರಬೇಕು ಅಂತ. ಕಿಟಕಿಗಳು ನಮ್ಮ ಶಾಲೆಗಳಿಗೆ ಬೇಕಾದಷ್ಟು ಬರುತ್ತವೆ. ಕಮ್ಮಿ ಇರುವುದು ಕನ್ನಡಿ.

ಪ್ರಾಣಿಗಳ ಕಥೆ ಬೇಕಾ, ಮನುಷ್ಯರ ಕಥೆ ಬೇಕಾ? ನಾನೂ ಮೊದಲು ಮೊಲ, ಕರಡಿ ಅಂತಲೇ ಹುಡುಕುತ್ತಿದ್ದೆ. ಟೊರಾಂಟೊದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದ ಮೇಲೆ ಸ್ವಲ್ಪ ಬದಲಾದೆ. 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯನ್ನು ಓದಿದರು. ಕೆಲವರಿಗೆ ಬಟ್ಟೆ ತೊಟ್ಟ ಪ್ರಾಣಿಗಳ ಚಿತ್ರ, ಕೆಲವರಿಗೆ ಅದೇ ಕಥೆ ಮನುಷ್ಯ ಮಕ್ಕಳ ಚಿತ್ರದಲ್ಲಿ. ಆಮೇಲೆ ತಮ್ಮ ಸ್ಟಿಕರ್‌ಗಳನ್ನು ಬೇರೆ ಮಕ್ಕಳಿಗೆ ಎಷ್ಟು ಕೊಡುತ್ತಾರೆ ಅಂತ ನೋಡಿದರೆ, ಮನುಷ್ಯರ ಕಥೆ ಕೇಳಿದವರೇ ಹೆಚ್ಚು ಕೊಟ್ಟಿದ್ದರು. ಹಾಗಂತ ಮೊಲವನ್ನು ಓಡಿಸಬೇಕಿಲ್ಲ, ಮಕ್ಕಳಿಗೆ ಅದು ಇಷ್ಟ. ಆದರೆ ಪೆನ್ಸಿಲ್ ಜಗಳಕ್ಕೆ, ಸಾಲಿನ ಜಗಳಕ್ಕೆ ಮಕ್ಕಳೇ ಇರುವ ಪುಸ್ತಕ ಇಟ್ಟುಕೊಳ್ಳಿ.

ಹೆದರಿಸುವ ಕಥೆಗಳ ಬಗ್ಗೆಯೂ ಇಂಥದ್ದೇ ಒಂದು ಅಧ್ಯಯನ 2014ರಲ್ಲಿ ಬಂದಿತ್ತು. 3ರಿಂದ 7 ವರ್ಷದ ಮಕ್ಕಳು ತಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತಾರಾ ಅಂತ ನೋಡಿದರು. ಸುಳ್ಳು ಹೇಳಿದವನಿಗೆ ಕೇಡಾಗುವ 'ತೋಳ ಬಂತು ತೋಳ' ಕಥೆ ಕೇಳಿದವರಲ್ಲಿ ಬದಲಾವಣೆ ಕಾಣಲಿಲ್ಲ. ತಪ್ಪು ಒಪ್ಪಿಕೊಂಡ ಹುಡುಗನನ್ನು ಅಪ್ಪ ಮೆಚ್ಚಿಕೊಳ್ಳುವ ಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು. ಕೆಟ್ಟದ್ದು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕಿಂತ, ಒಳ್ಳೆಯದು ಮಾಡುವುದು ಹೇಗಿರುತ್ತದೆ ಅಂತ ತೋರಿಸುವ ಪುಸ್ತಕ ಆರಿಸಿ.

ಎಲ್ಲಿ ಸಿಗುತ್ತವೆ? ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಒಂದನೇ ತರಗತಿಗೆ ಮೊದಲ ಹಂತವೇ ಸಾಕು. ಇಳಿಸಿಕೊಳ್ಳಬಹುದು, ಮುದ್ರಿಸಬಹುದು. ಮೂಲ ಬರೆದವರ ಹೆಸರು ಹಾಕಿ, ಪದಗಳನ್ನು ನಮ್ಮ ಮಾತಿಗೆ ಬದಲಿಸಿಕೊಳ್ಳಲೂ ಅನುಮತಿ ಇದೆ. ನಾನು ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸುತ್ತೇನೆ, ಬಣ್ಣ ಮಕ್ಕಳೇ ತುಂಬುತ್ತಾರೆ. ಚೆನ್ನೈನ ತೂಲಿಕಾ ಪ್ರಕಾಶನದವರ ಕನ್ನಡ ಪುಸ್ತಕಗಳು, 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ಕಡಿಮೆ ಬೆಲೆಯ ಪುಸ್ತಕಗಳು, ನವಕರ್ನಾಟಕದ ಮಕ್ಕಳ ಪುಸ್ತಕಗಳು ಕೈಯಲ್ಲಿ ಹಿಡಿದು ನೋಡಬೇಕಾದವು. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ, ಅಂದರೆ ಗ್ರಂಥಾಲಯಕ್ಕೂ ಒಮ್ಮೆ ಹೋಗಿ. 2020ರಲ್ಲಿ ಬಂದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ.

ಹಂತ 3: ಓದಿ ತೋರಿಸುವುದು

ನನ್ನ ಮೊದಲ ವರ್ಷದ ಒಂದು ದಿನ ನೆನಪಿದೆ. ಕಸಿದುಕೊಳ್ಳುವ ಬಗ್ಗೆ ಒಂದು ಪುಸ್ತಕ ಓದಿ, ಕೊನೆಗೆ "ಹಂಗಾರ ಏನು ಕಲಿತಿವಿ?" ಅಂತ ಕೇಳಿದೆ. "ಕಸಗೋಬಾರದ್ರೀ" ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಐದು ನಿಮಿಷ ಆಗಿರಲಿಲ್ಲ, ಇಬ್ಬರು ಅದೇ ಪುಸ್ತಕವನ್ನು ಕಸಿದಾಡಿ ಹರಿದರು. ನನಗೆ ಅಳು ಬಂದಿತ್ತು. ಮಕ್ಕಳು ನನ್ನ ಪ್ರಶ್ನೆಗೆ ಬೇಕಾದ ಉತ್ತರ ಕೊಟ್ಟಿದ್ದರು, ಅಷ್ಟೇ. ಪುಸ್ತಕದ ಒಳಗೆ ಯಾರೂ ಹೋಗಿರಲಿಲ್ಲ. ಅವತ್ತಿನಿಂದ ಆ ಪ್ರಶ್ನೆ ಬಿಟ್ಟೆ.

ಹಿಂದಿನ ದಿನ ನೀವು ಪುಸ್ತಕವನ್ನು ಎರಡು ಸಲ ಓದಿ. ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಪೆನ್ಸಿಲ್‌ನಿಂದ ಚುಕ್ಕಿ ಇಡಿ. ಎರಡೋ ಮೂರೋ ಕಡೆ ಸಾಕು, ಪ್ರತಿ ಪುಟದಲ್ಲೂ ನಿಂತರೆ ಕಥೆ ಸಾಯುತ್ತದೆ.

ಒಂದು ಸಲಕ್ಕೆ ಎಂಟು ಹತ್ತು ಮಕ್ಕಳು. ಉಳಿದವರು ಅವರವರ ತಟ್ಟೆಯ (ನಲಿಕಲಿಯಲ್ಲಿ ಗುಂಪಿಗೆ ಹಾಗನ್ನುತ್ತೇವೆ) ಕೆಲಸ ಮಾಡುತ್ತಿರಲಿ. ಬೆಳಿಗ್ಗೆ ಹಾಲು ಕುಡಿದ ಮೇಲಿನ ಹೊತ್ತು ಚೆನ್ನಾಗಿರುತ್ತದೆ. ಬೇಸಿಗೆಯಲ್ಲಂತೂ ಹನ್ನೊಂದರ ನಂತರ ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಯಾವ ಕಥೆಯೂ ತಲೆಗೆ ಹೋಗುವುದಿಲ್ಲ. ಕಿಟಕಿಗೆ ಎದುರಾಗಿ ಪುಸ್ತಕ ಹಿಡಿಯಬೇಡಿ. ನಮ್ಮ ಬಿಸಿಲಿಗೆ ನುಣುಪು ಕಾಗದ ಕನ್ನಡಿಯಂತೆ ಹೊಳೆದು ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ. ನೀವೂ ನೆಲದ ಮೇಲೆ ಕೂತು, ಪುಸ್ತಕವನ್ನು ಕೆನ್ನೆಯ ಪಕ್ಕ ಹಿಡಿದರೆ ಚಿತ್ರವೂ ನಿಮ್ಮ ಮುಖವೂ ಒಟ್ಟಿಗೆ ಕಾಣುತ್ತವೆ.

ಇನ್ನು ಪ್ರಶ್ನೆ. "ಇವನು ಮಾಡಿದ್ದು ಸರಿನಾ, ತಪ್ಪಾ?" ಅಂತ ಕೇಳಬೇಡಿ. ಚಿತ್ರದ ಒಂದು ತುಣುಕನ್ನು ತೋರಿಸಿ ಕೇಳಿ. ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಜೊತೆಯವರು 1988ರಲ್ಲಿ ಪ್ರಕಟಿಸಿದ ಓದುವ ಕ್ರಮ ಹೀಗಿದೆ: ಮಗುವನ್ನು ಮಾತಿಗೆ ಎಳೆಯುವುದು, ಅದು ಹೇಳಿದ್ದನ್ನು ಒಪ್ಪಿಕೊಳ್ಳುವುದು ಇಲ್ಲವೇ ತಿದ್ದುವುದು, ಅದಕ್ಕೆ ಒಂದೆರಡು ಪದ ಸೇರಿಸುವುದು, ಸೇರಿಸಿದ್ದನ್ನು ಮಗುವಿನ ಬಾಯಿಂದ ಹೇಳಿಸುವುದು. ನಮ್ಮ ತರಗತಿಯಲ್ಲಿ ಅದು ಹೀಗೆ ಕೇಳಿಸುತ್ತದೆ:

"ಇಕಿ ಮಾರಿ ನೋಡ್ರಿ. ಹೆಂಗೈತಿ?"
"ಸಿಟ್ಟ ಬಂದೈತ್ರೀ."
"ಹೌದಲಾ, ಸಿಟ್ಟು ಬಂದೈತಿ. ಹುಬ್ಬು ಗಂಟು ಹಾಕ್ಯಾಳ. ಯಾರ ಮ್ಯಾಲ?"
"ಅವ್ನ ಮ್ಯಾಲ್ರೀ. ಬಿಟ್ಟು ಹೋದ್ನಲ್ರೀ, ಅದಕ್ಕ."
"ಅವ ಬಿಟ್ಟು ಹೋಗಿದ್ದಕ್ಕ ಇಕಿ ಹುಬ್ಬು ಗಂಟು ಹಾಕ್ಯಾಳ. ಎಲ್ಲಿ, ನೀನೂ ಹೇಳು?"

ಇಷ್ಟೇ. ಇದರಲ್ಲಿ ಉಪದೇಶ ಇಲ್ಲ. ಆದರೆ 'ಸಿಟ್ಟು' ಅನ್ನುವುದಕ್ಕೆ ಒಂದು ಕಾರಣ ಸಿಕ್ಕಿತು. ಮುಂದಿನ ವಾರ ತನಗೇ ಸಿಟ್ಟು ಬಂದಾಗ, ಹೊಡೆಯುವ ಮೊದಲು ಹೇಳಲು ಆ ಮಗುವಿನ ಹತ್ತಿರ ಒಂದು ಮಾತು ಇರುತ್ತದೆ.

ಭಾಷೆಯ ವಿಷಯದಲ್ಲಿ ಸಡಿಲವಾಗಿರಿ. ಗಂಗಾವತಿ, ಕಾರಟಗಿ, ಸಿಂಧನೂರಿನ ಕ್ಯಾಂಪ್‌ಗಳಲ್ಲಿ, ಅಂದರೆ ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳಲ್ಲಿ ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ತಾಂಡಾಗಳಿಂದ ಲಂಬಾಣಿ ಮಾತಾಡುವವರು ಬರುತ್ತಾರೆ. ಉರ್ದು ಮನೆಮಾತಿನವರು ಎಲ್ಲ ಊರಲ್ಲೂ ಇದ್ದಾರೆ. ಮಾತಿಲ್ಲದ ಪುಟ ಬಂದಾಗ ಮೊದಲು ಅವರ ಮಾತಿನಲ್ಲೇ ಹೇಳಲು ಬಿಡಿ. ನಮಗೆ ಅರ್ಥವಾಗದಿದ್ದರೆ ಪಕ್ಕದ ಮಗು ಹೇಳಿಕೊಡುತ್ತದೆ. ಆ ಹೇಳಿಕೊಡುವಲ್ಲೇ ಎಷ್ಟೋ ದೋಸ್ತಿಗಳು ಶುರುವಾದದ್ದನ್ನು ನೋಡಿದ್ದೇನೆ.

ಕೊನೆಯ ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಇದು ಇಡೀ ಕೆಲಸದಲ್ಲೇ ಕಷ್ಟದ ಭಾಗ. ನಮ್ಮ ನಾಲಿಗೆ ಬುದ್ಧಿ ಹೇಳಲು ಕಾಯುತ್ತಿರುತ್ತದೆ. ಹೇಳಬೇಡಿ. "ಇನ್ನೊಮ್ಮೆ ಓದ್ರೀ" ಅಂತ ಯಾರಾದರೂ ಅಂದರೆ ಮತ್ತೆ ಓದಿ. ಒಂದೇ ಪುಸ್ತಕವನ್ನು ವಾರದಲ್ಲಿ ಮೂರು ಸಲ ಓದಿದರೂ ಮಕ್ಕಳಿಗೆ ಬೇಜಾರಾಗುವುದಿಲ್ಲ.

ಹಂತ 4: ಪುಟದಿಂದ ಹೊರಗೆ

ಕಥೆಯನ್ನು ಆಡಿ ತೋರಿಸಲು ಗೊಂಬೆ ಒಳ್ಳೆಯದು. ತನ್ನ ಬಾಯಿಂದ ಬಾರದ ಮಾತನ್ನು ಮಗು ಗೊಂಬೆಯ ಬಾಯಿಂದ ಹೇಳಿಸುತ್ತದೆ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ತೊಗಲುಗೊಂಬೆಯಾಟಕ್ಕೆ. ಪರದೆಯ ಮೇಲೆ ಚಿತ್ರ, ಜೊತೆಗೆ ಕಥೆ, ನಡುವೆ ಹಾಡು. ಓದು ಬಾರದ ನಮ್ಮ ಅಜ್ಜ ಅಜ್ಜಿಯರ ಚಿತ್ರಪುಸ್ತಕ ಅದೇ ಆಗಿತ್ತು. ರಟ್ಟಿನ ಡಬ್ಬ ಕತ್ತರಿಸಿ ಕಡ್ಡಿ ಅಂಟಿಸಿದರೆ ನಿಮಗೂ ಗೊಂಬೆ ಆಯಿತು. ಬಿಳಿ ಪಂಚೆ, ಹಿಂದೆ ಒಂದು ಟಾರ್ಚು ಇದ್ದರೆ ನೆರಳಿನಾಟವೂ ಆಯಿತು. ಮನೆಯಲ್ಲಿ ಕಿನ್ನಾಳದ ಬಣ್ಣದ ಮರದ ಗೊಂಬೆ ಇದ್ದರೆ ಇನ್ನೂ ಚೆಂದ, ಆದರೆ ಅದನ್ನು ಮಕ್ಕಳ ಕೈಗೆ ಕೊಡುವ ಧೈರ್ಯ ನಿಮಗಿರಬೇಕು.

ಪಾತ್ರ ಹಂಚುವಾಗ ಒಂದು ಎಚ್ಚರ: ದಿನಾ ನುಗ್ಗುವ ಮಗುವಿಗೆ ನುಗ್ಗುವವನ ಪಾತ್ರ ಕೊಡಬೇಡಿ. ಸಾಲಿನಲ್ಲಿ ಕೊನೆಗೆ ನಿಂತು, ಹಾಲು ಸಿಗುತ್ತದೋ ಇಲ್ಲವೋ ಅಂತ ಹೆದರುವವನ ಪಾತ್ರ ಕೊಡಿ.

ಹಂತ 5: ನಮ್ಮದೇ ಪುಸ್ತಕ ಮಾಡುವುದು

ಮೊಟ್ಟೆಯ ಜಗಳಕ್ಕೆ ತಕ್ಕ ಪುಸ್ತಕ ನನಗೆ ಎಲ್ಲೂ ಸಿಗಲಿಲ್ಲ. ಅದಕ್ಕೆ ಒಂದೇ ಹಾಳೆಯಲ್ಲಿ ಎಂಟು ಪುಟದ ಪುಸ್ತಕ ಮಾಡಿದೆ. ಬೇಕಾಗುವುದು ಒಂದು ಎ4 ಹಾಳೆ, ಕತ್ತರಿ, ಪೆನ್ಸಿಲ್, ಬಣ್ಣ.

ಹಾಳೆಯನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ. ಪೂರ್ತಿ ಬಿಚ್ಚಿದರೆ ಎಂಟು ಮನೆಗಳ ಗೆರೆ ಬಿದ್ದಿರುತ್ತದೆ, ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಈಗ ಗಿಡ್ಡ ಅಂಚಿಗೆ ಗಿಡ್ಡ ಅಂಚು ಕೂಡುವಂತೆ ಒಂದೇ ಸಲ ಮಡಚಿ. ಮಡಚಿದ ಕಡೆಯಿಂದ ನಡುವಿನ ಗೆರೆಯ ಮೇಲೆ, ಮುಂದಿನ ಗೆರೆ ಸಿಗುವವರೆಗೆ ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಡುವೆ ಒಂದು ಸೀಳು ಕಾಣುತ್ತದೆ. ಈಗ ಹಾಳೆಯನ್ನು ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಗೆ ತಳ್ಳಿ. ಸೀಳು ಬಾಯಿ ಬಿಟ್ಟು, ಮೇಲಿನಿಂದ ನೋಡಿದರೆ ಕೂಡಿಸು ಗುರುತಿನಂತೆ ಕಾಣುತ್ತದೆ. ಹಾಳೆಗಳನ್ನು ಒಂದೇ ಕಡೆಗೆ ಸುತ್ತಿ ಒತ್ತಿದರೆ ಪುಸ್ತಕ ಆಯಿತು. ಹೊಲಿಗೆ ಬೇಡ, ಅಂಟು ಬೇಡ. ಪುಟಗಳಿಗೆ ಈಗಲೇ ಅಂಕಿ ಹಾಕಿ, ಆಮೇಲೆ ಬಿಚ್ಚಿ ಚಿತ್ರ ಬರೆಯಿರಿ. ಇಲ್ಲದಿದ್ದರೆ ಕೆಲವು ಚಿತ್ರ ತಲೆಕೆಳಗಾಗುತ್ತವೆ.

ಕಥೆ ಕಟ್ಟುವಾಗ ನಡೆದದ್ದನ್ನು ನಡೆದ ಹಾಗೇ ಬರೆಯಬೇಡಿ. ತರಗತಿಯಲ್ಲಿರುವ ಯಾವ ಮಗುವಿನ ಹೆಸರೂ ಬೇಡ, ಅದೇ ವಸ್ತುವೂ ಬೇಡ. ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿದಂತೆ ಆಗಬಾರದು. ನಾನು ಮೊಟ್ಟೆಯನ್ನು ತೆಗೆದು ಮುಷ್ಟಿಯನ್ನು ಮಾತ್ರ ಉಳಿಸಿಕೊಂಡೆ. ಜಾಗವನ್ನು ಕೊಪ್ಪಳದ ಗವಿಮಠದ ಜಾತ್ರೆಗೆ ಬದಲಿಸಿದೆ, ಅಲ್ಲಿನ ದಾಸೋಹದಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ನಮ್ಮ ಮಕ್ಕಳಿಗೆಲ್ಲ ಗೊತ್ತು.

ಒಂದನೇ ಪುಟದಲ್ಲಿ ಒಂದು ಮುಚ್ಚಿದ ಮುಷ್ಟಿ. ಎರಡರಲ್ಲಿ ಪುಟ್ಟಿ ಸಾಲಿನಲ್ಲಿ ಕೂತಿದ್ದಾಳೆ, ಮುಷ್ಟಿ ಮಡಿಲಲ್ಲಿದೆ. ಮೂರರಲ್ಲಿ ಒಬ್ಬಳು ಕೇಳುತ್ತಾಳೆ, "ಗೋಲಿನಾ?" ನಾಲ್ಕರಲ್ಲಿ ಇನ್ನೊಬ್ಬ, "ಹುಣಸೆ ಬೀಜನಾ?" ಐದರಲ್ಲಿ ಮತ್ತೊಬ್ಬ "ಛೀ, ಏನೋ ಹೊಲಸು" ಅಂತ ದೂರ ಸರಿಯುತ್ತಾನೆ. ಆರನೇ ಪುಟದಲ್ಲಿ ಮಾತಿಲ್ಲ. ಪುಟ್ಟಿ ಬೇವಿನ ಮರದ ಕೆಳಗೆ ಒಬ್ಬಳೇ. ಏಳರಲ್ಲಿ ದೂರ ಸರಿದಿದ್ದ ಹುಡುಗ ಬಂದು ತನ್ನದೂ ಒಂದು ಮುಚ್ಚಿದ ಮುಷ್ಟಿಯನ್ನು ಅವಳ ಮುಷ್ಟಿಯ ಪಕ್ಕ ಇಡುತ್ತಾನೆ. ಎಂಟನೇ ಪುಟದಲ್ಲಿ ಎರಡು ತೆರೆದ ಅಂಗೈಗಳು, ಎರಡೂ ಖಾಲಿ. ಒಳಗೆ ಏನಿತ್ತು ಅಂತ ಓದುವವರೇ ಬರೆಯಬೇಕು.

ಎಲ್ಲರಿಗೂ ಒಂದೊಂದು ಪ್ರತಿ ತೆಗೆಸಿ ಕೊಟ್ಟೆ. ಒಬ್ಬ ಪೇರಲ ಹಣ್ಣು ಬರೆದ, ಒಬ್ಬಳು ಐದು ರೂಪಾಯಿ. ಊಟದ ಸಾಲಿನಲ್ಲಿ ಎದ್ದು ನಿಂತಿದ್ದ ಆ ಹುಡುಗ ಒಂದು ಅಂಗೈಯಲ್ಲಿ ಬಾಳೆಹಣ್ಣು ಬರೆದ, ಇನ್ನೊಂದರಲ್ಲಿ ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಒಂದು ಗುಂಡಗಿನ ಗೆರೆ ಎಳೆದು, "ಇದು ತತ್ತಿರೀ" ಅಂದ. ಆ ದಿನ ಊಟದಲ್ಲಿ ಅವನು ಅವಳ ಪಕ್ಕ ಕೂರಲಿಲ್ಲ. ನಾನೂ ಏನೂ ಅನ್ನಲಿಲ್ಲ. ನಾಲ್ಕನೇ ದಿನ ಅವಳಿಂದ ಒಬ್ಬರು ಬಿಟ್ಟು ಕೂತ. ಅವಳು ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿ ಪೂರ್ತಿ ಸುಲಿದಳು.

ಹಂತ 6: ಮನೆಗೆ ಕಳಿಸುವುದು

ಪುಸ್ತಕವನ್ನು ಪಾಟಿಚೀಲದಲ್ಲಿ ಹಾಕಿ ಕಳಿಸಿ. "ನಮಗ ಓದಾಕ ಬರಂಗಿಲ್ರೀ ಟೀಚರ್" ಅಂತ ಅವ್ವಂದಿರು ಹೇಳುತ್ತಾರೆ. ಓದುವುದು ಬೇಡ, ಮಗುವಿಗೇ ಕಥೆ ಹೇಳಲು ಹೇಳಿ, ನೀವು ಚಿತ್ರ ನೋಡುತ್ತ ಕೇಳಿ, ಅಷ್ಟು ಸಾಕು ಅನ್ನಿ. ರೊಟ್ಟಿ ಬಡಿಯುವಾಗಲೂ ಕೇಳಬಹುದು. ಅಜ್ಜಿಯರಂತೂ ಅದೇ ಚಿತ್ರಕ್ಕೆ ಬೇರೆಯದೇ ಕಥೆ ಕಟ್ಟಿ ಕಳಿಸುತ್ತಾರೆ. ಮರುದಿನ ಆ ಕಥೆಯನ್ನೂ ತರಗತಿಯಲ್ಲಿ ಹೇಳಿಸಿ.

ಪುಸ್ತಕ ಸಾಲದ ಕಡೆ

ಒಂದು ಮಗು ಇದ್ದಕ್ಕಿದ್ದಂತೆ ಮಾತು ಬಿಟ್ಟರೆ, ಮೈಮೇಲೆ ಗಾಯ ಕಂಡರೆ, ಒಬ್ಬ ದೊಡ್ಡವರನ್ನು ನೋಡಿದರೆ ಮಾತ್ರ ನಡುಗಿದರೆ, ಕಥೆಪುಸ್ತಕ ಹಿಡಿದು ಕೂರಬೇಡಿ. ಮಗುವನ್ನು ಬೇರೆಯವರಿಲ್ಲದ ಕಡೆ ಕೂರಿಸಿಕೊಂಡು ಮೆಲ್ಲಗೆ ಕೇಳಿ, ಹೇಳಿದ್ದನ್ನು ನಂಬಿ, ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಕಾಣುವ ಎತ್ತರದಲ್ಲಿ ಗೋಡೆಯ ಮೇಲೆ ಬರೆಸಿ.

ಪುಸ್ತಕ ಇಡುವುದು, ಹರಿದಾಗ ಹಚ್ಚುವುದು

ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ನಲಿಕಲಿ ಕೋಣೆಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ಮೇಲೆ ಕಟ್ಟಿದ ಚಪ್ಪರದ ದಾರವನ್ನು ಒಂದು ಕಡೆ ಮಕ್ಕಳ ಕೈಗೆ ಸಿಗುವಷ್ಟು ಕೆಳಗೆ ಇಳಿಸಿ, ಪುಸ್ತಕಗಳನ್ನು ನಡುವೆ ತೆರೆದು ನೇತುಹಾಕಿ. ಮುಖಪುಟ ಕಾಣುತ್ತಿರಬೇಕು. ತಿಂಗಳಲ್ಲಿ ಎರಡು ಮೂರು ಹರಿಯುತ್ತವೆ, ಹರಿಯಲಿ. ಶನಿವಾರ ಬೆಳಿಗ್ಗೆ ಟೇಪು, ಕತ್ತರಿ ಇಟ್ಟುಕೊಂಡು ನಾವು ಪುಸ್ತಕದ ಆಸ್ಪತ್ರೆ ನಡೆಸುತ್ತೇವೆ. ಒಂದು ಹಾಳೆಗೆ ಇಬ್ಬರು: ಒಬ್ಬರು ಹರಿದ ಎರಡು ಅಂಚನ್ನು ಅಲುಗಾಡದಂತೆ ಹಿಡಿಯಬೇಕು, ಇನ್ನೊಬ್ಬರು ಟೇಪು ಹಚ್ಚಬೇಕು. ಯಾರು ಹರಿದರು ಅಂತ ಆ ಹೊತ್ತಿನಲ್ಲಿ ನಾನು ಕೇಳುವುದಿಲ್ಲ.